ಸೈರನ್ ಕೂಗಿದಾಗ ಯಾವ ಬಾಗಿಲು?

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದದ್ದು 2010ರ ಫೆಬ್ರುವರಿ 23ರಂದು, ಆಫೀಸುಗಳು ತುಂಬಿದ್ದ ಹೊತ್ತಿನಲ್ಲಿ. ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್‌ಗಳು ಹಾದುಹೋಗುವ ಡಕ್ಟ್‌ನಲ್ಲಿ. ಹೆಚ್ಚಿನ ಅನಾಹುತ ಮಾಡಿದ್ದು ಹೊಗೆ. ಅದು ಡಕ್ಟ್ ಹಿಡಿದು ಮೇಲೇರಿ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಜಿಗಿದರು. 9 ಮಂದಿ ಸತ್ತರು. ಹೊರಹೋಗುವ ತುರ್ತು ಬಾಗಿಲುಗಳು ಮುಚ್ಚಿದ್ದವೆಂಬ ಸುದ್ದಿ ಮರುದಿನದ ಪತ್ರಿಕೆಗಳಲ್ಲಿತ್ತು.

ಆಮೇಲೆ ನಗರದ ಆಫೀಸುಗಳಲ್ಲಿ ಅಗ್ನಿ ಸುರಕ್ಷತೆಯ ತರಬೇತಿ ಮಾಮೂಲಾಯಿತು. ಹೇಗೆ ನಡೆಯುತ್ತದೆ ಎಂಬುದು ಬೇರೆ ಮಾತು. ‘ನಾಳೆ ಮಧ್ಯಾಹ್ನ 3ಕ್ಕೆ ಮಾಕ್ ಡ್ರಿಲ್, ಎಲ್ಲರೂ ಸಹಕರಿಸಿ’ ಎಂದು ಮುಂಚಿತವಾಗಿ ಮೇಲ್ ಬರುತ್ತದೆ. ಕ್ಲೈಂಟ್ ಕಾಲ್ ಇರುವವರು ಕುರ್ಚಿ ಬಿಟ್ಟೇಳುವುದಿಲ್ಲ, ಮ್ಯಾನೇಜರ್‌ಗಳಂತೂ ಸಾಮಾನ್ಯವಾಗಿ ಏಳುವುದೇ ಇಲ್ಲ. ಉಳಿದವರು ಮೊಬೈಲ್ ನೋಡುತ್ತಾ ದಿನಾ ಓಡಾಡುವ ಮೆಟ್ಟಿಲಲ್ಲೇ ಇಳಿದು, ಗೇಟಿನಾಚೆಯ ಟೀ ಅಂಗಡಿಗೆ ಹೋಗುತ್ತಾರೆ. ಫೋಟೊ ತೆಗೆಯುತ್ತಾರೆ, ರಿಜಿಸ್ಟರ್‌ನಲ್ಲಿ ಸಹಿ ಬೀಳುತ್ತದೆ. ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನದ ಆಸುಪಾಸಿನಲ್ಲಿ ಇಂಥ ಡ್ರಿಲ್‌ಗಳ ಸುಗ್ಗಿ. ಹಡಗೊಂದು ಸ್ಫೋಟಿಸಿ 66 ಅಗ್ನಿಶಾಮಕ ಸಿಬ್ಬಂದಿಯನ್ನು ಬಲಿ ತೆಗೆದುಕೊಂಡ 1944ರ ಮುಂಬೈ ಬಂದರಿನ ದುರಂತದ ನೆನಪಿಗೆ ಆಚರಿಸುವ ದಿನವದು.

ತರಬೇತಿಯಲ್ಲಿ ಜನ ಖುಷಿಪಡುವ ಭಾಗವೆಂದರೆ ಕೆಂಪು ಸಿಲಿಂಡರ್. ಕಾರ್ ಪಾರ್ಕಿಂಗ್‌ನಲ್ಲಿ ತಟ್ಟೆಗೆ ಡೀಸೆಲ್ ಸುರಿದು ಹೊತ್ತಿಸಿ, ಒಬ್ಬೊಬ್ಬರ ಕೈಗೂ ಕೊಡುತ್ತಾರೆ. ಪಿನ್ ಎಳೆಯಿರಿ, ನಳಿಕೆಯನ್ನು ಜ್ವಾಲೆಗಲ್ಲ, ಬೆಂಕಿಯ ಬುಡಕ್ಕೆ ಹಿಡಿಯಿರಿ, ಹಿಡಿಕೆ ಒತ್ತಿ ಎಡಕ್ಕೂ ಬಲಕ್ಕೂ ಬೀಸಿ. ಇಷ್ಟು ಎಲ್ಲರಿಗೂ ಬರುತ್ತದೆ. ಆದರೆ ಗೋಡೆಗೆ ತೂಗುಹಾಕಿದ ಸಿಲಿಂಡರಿನ ಪುಡಿ ಅರ್ಧ ನಿಮಿಷವೂ ಬಾರದೆ ಖಾಲಿಯಾಗುತ್ತದೆಂದು ಹೇಳುವವರು ಕಡಿಮೆ. ಕಸದ ಬುಟ್ಟಿಯಷ್ಟು ಬೆಂಕಿಗೆ ಅದು ಸಾಕು, ಫಾಲ್ಸ್ ಸೀಲಿಂಗ್‌ಗೆ ತಾಗಿದ ಬೆಂಕಿಗೆ ಸಾಲದು. ನಂದಿಸುವಾಗಲೂ ಹೊರಹೋಗುವ ಬಾಗಿಲು ಬೆನ್ನ ಹಿಂದೆಯೇ ಇರಬೇಕು. ಯುಪಿಎಸ್ ಕೋಣೆಯ ಬೆಂಕಿಗೆ ನೀರೆರಚುವುದಂತೂ ಕೂಡದು.

ನನ್ನ ಮಟ್ಟಿಗೆ ಡ್ರಿಲ್‌ನ ಜೀವಾಳ ಸಿಲಿಂಡರ್ ಅಲ್ಲ, ಮೆಟ್ಟಿಲು. ಗಾಬರಿಯಾದ ಮನುಷ್ಯ ಒಳಬಂದ ಬಾಗಿಲನ್ನೇ ಹುಡುಕುತ್ತಾನೆ. ಹಿಂಬದಿಯ ಮೆಟ್ಟಿಲನ್ನು ಮೊದಲೇ ಇಳಿದು ಬಲ್ಲವನಿಗೆ ಮಾತ್ರ ಅದು ನೆನಪಾಗುತ್ತದೆ. ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಮಾರ್ಗನ್ ಸ್ಟ್ಯಾನ್ಲಿ ಕಂಪನಿಯ ಭದ್ರತಾ ಮುಖ್ಯಸ್ಥ ರಿಕ್ ರೆಸ್ಕೋರ್ಲಾ ಅದನ್ನು ಅರಿತಿದ್ದ. 1993ರ ಬಾಂಬ್ ಸ್ಫೋಟದ ನಂತರ ಆತ ಬ್ಯಾಂಕರ್‌ಗಳನ್ನು ಮತ್ತೆ ಮತ್ತೆ ಮೆಟ್ಟಿಲಿಳಿಸಿದ. ದುಡಿಯುವ ಹೊತ್ತು ಹಾಳೆಂದು ಗೊಣಗಿದವರನ್ನೂ ಬಿಡಲಿಲ್ಲ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ಇದ್ದಲ್ಲೇ ಇರಿ ಎಂದು ಕಟ್ಟಡದ ಧ್ವನಿವರ್ಧಕ ಸಾರುತ್ತಿತ್ತು. ಆತ ಅದಕ್ಕೆ ಕಿವಿಗೊಡದೆ ತನ್ನವರನ್ನು ಇಳಿಸತೊಡಗಿದ. ಸುಮಾರು 2,700 ನೌಕರರಲ್ಲಿ ಬಹುತೇಕ ಎಲ್ಲರೂ ಬದುಕಿದರು. ಉಳಿದವರನ್ನು ಕರೆತರಲು ಮತ್ತೆ ಮೇಲೆ ಹೋದ ಆತ ಹಿಂತಿರುಗಲಿಲ್ಲ.

ಹಿಂಬಾಗಿಲಿಗೆ ಬೀಗ ಹಾಕುವವರು ದುಷ್ಟರೇನಲ್ಲ. ಲ್ಯಾಪ್‌ಟಾಪ್ ಕಳ್ಳತನವಾದರೆ ತಿಂಗಳ ಸಂಬಳದಲ್ಲಿ ಕಡಿತವಾಗುವುದು ಸೆಕ್ಯುರಿಟಿ ಗಾರ್ಡ್‌ಗೆ. ಬೆಂಕಿ ಎಂದೋ ಬೀಳಬಹುದು, ಕಳ್ಳ ಇಂದೇ ಬರಬಹುದು. ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಪ್ಯಾನಿಕ್ ಬಾರ್ ಬಾಗಿಲು ಈ ಜಗಳಕ್ಕೆ ಪರಿಹಾರ. ಅದರ ಖರ್ಚು ಕೊಡಬೇಕಾದವರು ಗಾರ್ಡ್ ಅಲ್ಲ, ಮಾಲೀಕರು.

ಇನ್ನು ಹೊರಬಂದ ಮೇಲಿನ ತಲೆ ಎಣಿಕೆ. ಫೈರ್ ವಾರ್ಡನ್ ಕೈಯಲ್ಲಿರುವ ಪಟ್ಟಿಯಲ್ಲಿ ಕಂಪನಿಯ ನೌಕರರ ಹೆಸರಷ್ಟೇ ಇದ್ದರೆ ಹೌಸ್‌ಕೀಪಿಂಗ್‌ನವರು, ಕ್ಯಾಂಟೀನ್ ಹುಡುಗರು, ಎಸಿ ರಿಪೇರಿಗೆ ಬಂದವರು ಲೆಕ್ಕಕ್ಕೇ ಸಿಗುವುದಿಲ್ಲ. ಡ್ರಿಲ್ ದಿನ ಇವರನ್ನು ಕರೆಯುವುದೂ ಇಲ್ಲ, ಮೇಲ್ ಐಡಿ ಇದ್ದವರಿಗಷ್ಟೇ ಕರೆ. ಅಗ್ನಿಶಾಮಕ ವಾಹನ ಬಂದಾಗ ಅಧಿಕಾರಿ ಮೊದಲು ಕೇಳುವುದು ಒಳಗೆ ಇನ್ನೂ ಯಾರಿದ್ದಾರೆ ಎಂದು. ಅದಕ್ಕೆ ಉತ್ತರ ಕೊಡಬಲ್ಲ ಪಟ್ಟಿ ಇರಬೇಕಾದದ್ದು ಏಳನೇ ಮಹಡಿಯ ಎಚ್‌ಆರ್ ಕಂಪ್ಯೂಟರಿನಲ್ಲಲ್ಲ, ಗೇಟಿನ ಮೇಜಿನಲ್ಲಿ.