ಕಂಡಿದ್ದು ಹನ್ನೆರಡು, ಹೇಳಿದ್ದು ನಾಲ್ಕು

ದೀಪಾವಳಿಯ ರಾತ್ರಿ ಮಕ್ಕಳು ಸುರುಸುರುಬತ್ತಿ ಹಿಡಿದು ಗರಗರ ತಿರುಗಿಸಿದರೆ ಕತ್ತಲಲ್ಲಿ ಬೆಂಕಿಯ ಬಳೆಯೊಂದು ಮೂಡುತ್ತದೆ. ಬತ್ತಿಯ ತುದಿ ಯಾವ ಕ್ಷಣದಲ್ಲೂ ಒಂದೇ ಕಡೆ ಇರುತ್ತದೆ. ಮಿಕ್ಕ ಬಳೆಯೆಲ್ಲ ನೋಡುವವರ ಒಳಗಿನದು. ಗೌಡಪಾದರ ಮಾಂಡೂಕ್ಯ ಕಾರಿಕೆಯ ನಾಲ್ಕನೇ ಪ್ರಕರಣದ ಹೆಸರೇ ‘ಅಲಾತಶಾಂತಿ’. ಅಲಾತವೆಂದರೆ ಉರಿಯುವ ಕೊಳ್ಳಿ. ಅಲ್ಲಿ ಅದು ತತ್ತ್ವದ ದೃಷ್ಟಾಂತ. 1740ರಲ್ಲಿ ಸೆಗ್ನರ್ ಎಂಬ ವಿಜ್ಞಾನಿ ಅದೇ ಬಳೆಯನ್ನು ಅಳೆಯಲು ಹೊರಟರು. ಕೆಂಡವನ್ನು ಚಕ್ರಕ್ಕೆ ಕಟ್ಟಿ ತಿರುಗಿಸಿದರು. ಒಂದು ಸುತ್ತಿಗೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಡಿದಾಗ ಬಳೆ ಎಲ್ಲೂ ಕಡಿಯದೆ ಕಂಡಿತು.

ಆದರೆ ಕೆಂಡವೆಂದರೆ ಒಂದು ಚುಕ್ಕಿ. ತುಂಬಿದ ಒಂದು ನೋಟ ನಮ್ಮೊಳಗೆ ಎಷ್ಟು ಹೊತ್ತು ನಿಲ್ಲುತ್ತದೆ? ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಜಾರ್ಜ್ ಸ್ಪರ್ಲಿಂಗ್. ಹಾರ್ವರ್ಡ್‌ನಲ್ಲಿ ಪಿಎಚ್.ಡಿ.ಗೆಂದು ಮಾಡಿದ ಪ್ರಯೋಗಗಳನ್ನು ಅವರು 1960ರಲ್ಲಿ ಪ್ರಕಟಿಸಿದರು.

ಮೂರು ಸಾಲು, ಸಾಲಿಗೆ ನಾಲ್ಕರಂತೆ ಹನ್ನೆರಡು ಇಂಗ್ಲಿಷ್ ಅಕ್ಷರಗಳು. 50 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ, ಮಿಂಚಿ ಮಾಯವಾಗುತ್ತಿದ್ದವು. ಕಂಡದ್ದನ್ನು ಬರೆಯಿರಿ ಎಂದರೆ ಜನ ನಾಲ್ಕು, ಹೆಚ್ಚೆಂದರೆ ಐದು ಬರೆಯುತ್ತಿದ್ದರು. ಜೊತೆಗೆ ಒಂದು ಮಾತು ಹೇಳುತ್ತಿದ್ದರು: ನೋಡಿದ್ದು ಇದಕ್ಕಿಂತ ಜಾಸ್ತಿ, ಬರೆಯುವಷ್ಟರಲ್ಲಿ ಹೋಯಿತು.

ಸ್ಪರ್ಲಿಂಗ್ ಈ ಮಾತನ್ನು ನಂಬಿದರು. ಅವರ ದೊಡ್ಡತನವನ್ನು ನಾನು ಕಾಣುವುದು ಇಲ್ಲೇ. ಎಲ್ಲವನ್ನೂ ಹೇಳಿ ಅನ್ನುವುದನ್ನು ಬಿಟ್ಟು, ಒಂದೇ ಸಾಲು ಕೇಳಿದರು. ಅಕ್ಷರ ಮರೆಯಾದ ಮೇಲೆ ಒಂದು ನಾದ. ತಾರಸ್ವರವಾದರೆ ಮೇಲಿನ ಸಾಲು, ಮಧ್ಯಮವಾದರೆ ನಡುವಿನದು, ಮಂದ್ರವಾದರೆ ಕೆಳಗಿನದು. ಯಾವ ನಾದ ಬರುತ್ತದೆಂದು ಮೊದಲೇ ಗೊತ್ತಿಲ್ಲ. ಆದರೂ ಕೇಳಿದ ಸಾಲಿನ ನಾಲ್ಕರಲ್ಲಿ ಸುಮಾರು ಮೂರು ಸರಿಯಾಗಿ ಬಂದವು. ಯಾವ ಸಾಲು ಕೇಳಿದರೂ ಮೂರು ಸಿಗುತ್ತದೆ ಎಂದರೆ, ಆ ಗಳಿಗೆಯಲ್ಲಿ ಒಳಗೆ ಒಂಬತ್ತು ಅಕ್ಷರ ಇದ್ದಿರಲೇಬೇಕು! ನಾದವನ್ನು ಒಂದು ಸೆಕೆಂಡ್ ತಡಮಾಡಿದರೆ ಲೆಕ್ಕ ಮತ್ತೆ ಅದೇ ನಾಲ್ಕೈದಕ್ಕೆ ಇಳಿಯುತ್ತಿತ್ತು. ಜನ ಹೇಳಿದ್ದು ನಿಜವಾಗಿತ್ತು. ಚಿತ್ರ ಒಳಗಿತ್ತು, ಬಾಯಿಗೆ ಬರುವ ಮೊದಲೇ ಕರಗುತ್ತಿತ್ತು.

ಮರುವರ್ಷ ಬೆಲ್ ಲ್ಯಾಬ್ಸ್‌ನ ಅವರ್‌ಬಾಕ್ ಮತ್ತು ಕೊರಿಯೆಲ್ ನಾದದ ಬದಲು ಗುರುತು ಬಳಸಿದರು. ಅಕ್ಷರವಿದ್ದ ಜಾಗದ ಪಕ್ಕ ಸಣ್ಣ ಗೆರೆ ತೋರಿಸಿದರೆ ಜನ ಆ ಅಕ್ಷರ ಹೇಳುತ್ತಿದ್ದರು. ಅದೇ ಜಾಗಕ್ಕೆ, ತುಸು ತಡೆದು, ಖಾಲಿ ವೃತ್ತವೊಂದನ್ನು ಸುತ್ತುಗಟ್ಟಿದರೆ ಅಕ್ಷರವೇ ಅಳಿಸಿಹೋಗುತ್ತಿತ್ತು. ಹೊಸ ನೋಟ ಬಂದು ಹಳೆಯದನ್ನು ಒರೆಸುತ್ತಿತ್ತು. ಓದುವಾಗ ನಮ್ಮ ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ನೆಗೆಯುತ್ತದೆ. ಹಿಂದಿನ ನೋಟ ಹಾಗೇ ಕೂತಿದ್ದರೆ ಪುಟವೆಲ್ಲ ಅಕ್ಷರದ ಮೇಲೆ ಅಕ್ಷರ ಬಿದ್ದು ಕಲಸಿಹೋಗುತ್ತಿತ್ತೇನೋ.

ಈ ಕ್ಷಣಿಕ ಉಗ್ರಾಣಕ್ಕೆ 1967ರಲ್ಲಿ ಮನೋವಿಜ್ಞಾನಿ ಉಲ್ರಿಕ್ ನೈಸರ್ ‘ಐಕಾನಿಕ್ ಮೆಮೊರಿ’ ಎಂದು ಹೆಸರಿಟ್ಟರು.

ಹಾಗಾದರೆ ಕರಗದೆ ಉಳಿಯುವ ಆ ನಾಲ್ಕು? 1997ರಲ್ಲಿ ಲಕ್ ಮತ್ತು ವೋಗೆಲ್ ಎಂಬ ಸಂಶೋಧಕರು ಬಣ್ಣದ ಚೌಕಗಳನ್ನು ತೋರಿಸಿ, ಒಂದು ಸೆಕೆಂಡಿಗೂ ಕಡಿಮೆ ಬಿಡುವು ಕೊಟ್ಟು, ಮತ್ತೆ ತೋರಿಸಿ, ಏನಾದರೂ ಬದಲಾಯಿತೇ ಎಂದು ಕೇಳಿದರು. ಮೂರ್ನಾಲ್ಕು ಚೌಕದವರೆಗೆ ಜನ ತಪ್ಪುತ್ತಿರಲಿಲ್ಲ ಎನ್ನಬೇಕು; ಆಮೇಲೆ ತಡವರಿಸಿದರು. ಬಣ್ಣದ ಜೊತೆ ವಾಲಿಕೆಯನ್ನೂ ನೆನಪಿಡಿ ಎಂದು ಪಟ್ಟಿಗಳನ್ನು ಕೊಟ್ಟರು. ಆಗಲೂ ಅಷ್ಟೇ ಪಟ್ಟಿಗಳು ನಿಂತವು, ಬಣ್ಣ ವಾಲಿಕೆ ಎರಡರ ಸಮೇತ.