ಕಟ್ಟಿದವರ ಕಣ್ಣಿಗೆ ಕಟ್ಟೆ ವಾರೆ ಕಾಣದು

ಶಿರವಾಳದ ಓದುಗರೊಬ್ಬರು ಕೇಳಿದ್ದಾರೆ: ‘ಗೌಂಡಿನ್ನ ಕರೀದೆ ಅಂಗಳದಾಗ ನಾನೇ ಪರ್ಸಿಕಲ್ಲಿನ ಕಟ್ಟಿ ಕಟ್ಟೀನ್ರಿ. ಮಂದಿ ವಾರಿ ಆಗ್ಯಾದ ಅಂತಾರ. ನನಗ ನೋಡಿದಾಗೆಲ್ಲ ಖುಷಿ ಆಗ್ತದ. ಹಿಂಗ್ಯಾಕ್ರೀ?’

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಿರಿಯರು ಹೇಳಿಯಾಗಿದೆ. ಆ ಮುದ್ದಿಗೆ ಬೆಲೆ ಕಟ್ಟಿ ನೋಡಿದವರು ಸಂಶೋಧಕರಾದ ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್ ಮತ್ತು ಡ್ಯಾನ್ ಏರಿಯಲಿ. ಬಿಡಿಭಾಗಗಳನ್ನು ಕೊಟ್ಟು ನೀವೇ ಜೋಡಿಸಿಕೊಳ್ಳಿ ಎನ್ನುವ ಐಕಿಯಾ ಪೀಠೋಪಕರಣದ ಅಂಗಡಿ 2022ರಲ್ಲಿ ಬೆಂಗಳೂರಿಗೂ ಬಂತಲ್ಲ, ಅದರ ಹೆಸರನ್ನೇ ಇಟ್ಟು ಇದನ್ನು ‘ಐಕಿಯಾ ಪರಿಣಾಮ’ ಎಂದು ಕರೆದರು. 2012ರಲ್ಲಿ ಅಚ್ಚಾದ ಅವರ ಪ್ರಬಂಧದಲ್ಲಿ ಮೊದಲ ಸಲ ಕಾಗದ ಮಡಚಿ ಗೊಂಬೆ ಮಾಡಿದವರು ಅದಕ್ಕೆ ಸುಮಾರು 23 ಸೆಂಟ್ ಕೊಡಲು ಸಿದ್ಧರಿದ್ದರು. ಬರೀ ನೋಡಿದವರು ಕೂಗಿದ್ದು 5 ಸೆಂಟ್. ನುರಿತವರು ಮಡಚಿದ ಗೊಂಬೆಗೂ 27 ಸೆಂಟ್ ಅಷ್ಟೇ! ತಮಾಷೆಯೆಂದರೆ, ಊರವರೂ ತಮ್ಮ ಗೊಂಬೆಯನ್ನು ಅಷ್ಟೇ ಮೆಚ್ಚುತ್ತಾರೆ ಎಂದು ಮಾಡಿದವರು ನಂಬಿದ್ದರು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪ್ರಯೋಗ. ಪೆಟ್ಟಿಗೆ ಜೋಡಿಸಲು ಕೊಟ್ಟು, ಕೆಲವರನ್ನು ಕೊನೆಯ ಎರಡು ಹಂತ ಬಾಕಿ ಇರುವಾಗಲೇ ನಿಲ್ಲಿಸಿದರು. ಬೆವರು ಸುರಿಸಿದ್ದು ಹೆಚ್ಚುಕಡಿಮೆ ಅಷ್ಟೇ. ಆದರೂ ಪೂರ್ತಿ ಮಾಡಿದವರು ಕೂಗಿದ ಬೆಲೆಯ ಅರ್ಧವನ್ನೂ ಇವರು ಕೂಗಲಿಲ್ಲ. ಅಂದರೆ ದುಡಿಮೆಯೊಂದೇ ಸಾಲದು, ಕೆಲಸ ಮುಗಿಯಬೇಕು. ಕೊನೆಯ ಪರ್ಸಿ ಕೂರುವವರೆಗೆ ಕಟ್ಟೆ ಬರೀ ಕಲ್ಲಿನ ರಾಶಿ.

ದುಡಿದು ಪಡೆಯುವ ಹಂಬಲ ಮನುಷ್ಯರದಷ್ಟೇ ಅಲ್ಲ. ಬಟ್ಟಲಲ್ಲಿ ಆಹಾರ ಪುಕ್ಕಟೆ ಸಿಗುತ್ತಿದ್ದರೂ ಇಲಿಗಳು ಹೋಗಿ ಸನ್ನೆ ಒತ್ತಿ ತಿನ್ನುವುದನ್ನು ಸಂಶೋಧಕ ಗ್ಲೆನ್ ಜೆನ್ಸನ್ 1963ರಲ್ಲೇ ವರದಿ ಮಾಡಿದ್ದರು.

‘ಎಲ್ಲ ಡೋಪಮೈನ್ ಮಹಿಮೆ’ ಎನ್ನುವ ವಾಟ್ಸ್‌ಆ್ಯಪ್ ಪಂಡಿತರನ್ನು ಮಾತ್ರ ಪೂರ್ತಿ ನಂಬಬೇಡಿ. ಮಿದುಳಿನ ಈ ರಾಸಾಯನಿಕ ಸಂತೋಷದ ರಸವಲ್ಲ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬರುತ್ತದೆಂದು ಗೊತ್ತಿದ್ದ ಹಣ್ಣಿನ ರಸ ಬಂದಾಗ ಡೋಪಮೈನ್ ನರಕೋಶಗಳು ಮಿಸುಕಲಿಲ್ಲ. ಎಣಿಸದೆ ಬಂದಾಗ ಚುರುಕಾದವು. ನೂರು ಕಟ್ಟೆ ಕಟ್ಟಿದ ಗೌಂಡಿಗಿಂತ ಮೊದಲ ಕಟ್ಟೆ ಕಟ್ಟಿದವರಿಗೆ ಹಿಗ್ಗು ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ ಇದ್ದೀತು. ಇದು ನನ್ನ ಊಹೆ.

ಹಾಗಾಗಿ ಓದುಗರೇ, ಕಟ್ಟೆ ನೋಡಿ ಖುಷಿಪಡಿ, ಅದು ನಿಮ್ಮ ಹಕ್ಕು. ಮುಂದೆ ಗೋಡೆ ಎಬ್ಬಿಸುವ ಮನಸ್ಸಾದರೆ ಮಾತ್ರ ನಿಮ್ಮ ಕಣ್ಣನ್ನು ನಂಬಬೇಡಿ. ತೂಗುಗುಂಡು ಇಳಿಬಿಡಿ, ರಸಮಟ್ಟ ಇಡಿ. ಅವಕ್ಕೆ ಕಟ್ಟಿದವರು ಯಾರೆಂಬ ಮುಲಾಜಿಲ್ಲ.