ಉಗಿ ಎಂಜಿನ್ ಮಾದರಿ ಕಿಟ್

ಉಗಿ ಎಂಜಿನ್ ಮಾದರಿ ಕಿಟ್ ಎಂಬುದು ರೈಲಿನ ಉಗಿ ಎಂಜಿನ್ನಿನ ಕಿರು ಪ್ರತಿರೂಪವನ್ನು ಕೈಯಿಂದ ಜೋಡಿಸಲು ಬೇಕಾದ ಬಿಡಿಭಾಗಗಳ ಸಮೂಹ. ಬ್ರಿಟನ್ನಿನಲ್ಲಿ ಇದು ಜನಪ್ರಿಯ ಹವ್ಯಾಸ. ಭಾಗಗಳು ಸಾಮಾನ್ಯವಾಗಿ ಹಿತ್ತಾಳೆಯ ತಗಡಿನವು ಅಥವಾ ಬಿಳಿಲೋಹದ ಎರಕದವು. ಕಿಟ್ ಮೂಲ ಎಂಜಿನ್ನನ್ನು ಪೂರ್ಣವಾಗಿ ಹೋಲುವುದು ವಿರಳವಾದ್ದರಿಂದ ತಿದ್ದುಪಡಿಯೂ ಜೋಡಣೆಯ ಭಾಗವಾಗಿದೆ.

ದೋಷಗಳ ಮೂಲ

ಬ್ರಿಟನ್ನಿನ ‘ಓಓ’ ಪ್ರಮಾಣದಲ್ಲಿ ಮೂಲದ 1 ಅಡಿಗೆ 4 ಮಿ.ಮೀ. ಅಳತೆ. ಅದರಂತೆ 4 ಅಡಿ 8½ ಅಂಗುಲದ ಹಳಿಯಂತರ 18.83 ಮಿ.ಮೀ. ಆಗಬೇಕು; ರೂಢಿಯಲ್ಲಿರುವುದು 16.5 ಮಿ.ಮೀ. ಹೀಗಾಗಿ ಚಕ್ರಗಳು ಒಳಸರಿದಂತೆ ಕಾಣುತ್ತವೆ. ಎರಕದ ಭಾಗಗಳು ತಣಿಯುವಾಗ ಕುಗ್ಗುತ್ತವೆ. ಇದಲ್ಲದೆ, ದುರಸ್ತಿಯ ವೇಳೆ ಮೂಲ ಎಂಜಿನ್ನುಗಳ ಬಾಯ್ಲರ್, ಹೊಗೆಕೊಳವೆಗಳು ಬದಲಾಗುತ್ತಿದ್ದವು. ಆದ್ದರಿಂದ ಒಂದೇ ಕಿಟ್ ಆ ವರ್ಗದ ಎಲ್ಲ ಎಂಜಿನ್ನುಗಳಿಗೂ ಹೊಂದುವುದಿಲ್ಲ.

ತಿದ್ದುವ ಕ್ರಮ

ಮೊದಲು ಎಂಜಿನ್ನಿನ ಸಂಖ್ಯೆ ಮತ್ತು ವರ್ಷವನ್ನು ನಿಗದಿಪಡಿಸಿ, ಆ ಕಾಲದ ಛಾಯಾಚಿತ್ರ ಹಾಗೂ ನಕ್ಷೆಗಳೊಡನೆ ಪ್ರತಿ ಭಾಗವನ್ನೂ ಹೋಲಿಸಲಾಗುತ್ತದೆ. ಚಕ್ರದ ಅಚ್ಚುಗಳ ನಡುವಣ ಅಂತರವೂ, ಚಕ್ರಗಳನ್ನು ಜೋಡಿಸುವ ಸರಳಿನ ರಂಧ್ರಗಳ ಅಂತರವೂ ಸಮನಾಗಿರಬೇಕು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎಡಬಲದ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಕೋನವಿರುತ್ತದೆ. ಈ ಕೋನ ಎಲ್ಲ ಅಚ್ಚುಗಳಲ್ಲೂ ಒಂದೇ ಆಗಿರದಿದ್ದರೆ ಚಕ್ರಗಳು ಬಿಗಿಹಿಡಿಯುತ್ತವೆ. ಬಿಳಿಲೋಹ ಬೇಗ ಕರಗುವುದರಿಂದ ಅದಕ್ಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬೆಸುಗೆಯನ್ನು ಬಳಸುತ್ತಾರೆ.

ಮಹತ್ವ

ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ನಿತ್ಯಸೇವೆ 1968ರಲ್ಲಿ ಕೊನೆಗೊಂಡಿತು. ಹಲವು ವರ್ಗಗಳ ಒಂದು ಎಂಜಿನ್ನೂ ಉಳಿದಿಲ್ಲ. ಅವುಗಳ ರೂಪವನ್ನು ಎಲ್ಲ ಬದಿಗಳಿಂದ ನೋಡಲು ಮಾದರಿಗಳೇ ಆಧಾರ. ಕಿಟ್ಟಿನ ತಪ್ಪು ಹಾಗೆಯೇ ಉಳಿದರೆ ಮುಂದಿನವರಿಗೆ ತಪ್ಪು ರೂಪವೇ ದಾಟುತ್ತದೆ.